ಸವಕಳಿ ಯಂತ್ರಕ್ಕೆ ಸಿಕ್ಕ ರೋಮನ್ ನಾಣ್ಯ

"ಸರ, ಈ ಸಾಬೂನು ನೋಡ್ರಿ!" ಎಂದು ನೀಲಕಂಠಪ್ಪ ನನ್ನ ಮೂಗಿನ ಕೆಳಗೆ ಅಂಗೈ ಚಾಚಿದ. ಅಂಗೈಯಲ್ಲಿ ಉಗುರಿನಷ್ಟು ತೆಳ್ಳಗಾದ ಒಂದು ಚೂರಿತ್ತು. "ಏನ್ ಕಾಣಸ್ತೈತಿ?"

"ಜಿಪುಣತನ!" ಎಂದು ಅಡುಗೆಮನೆಯಿಂದ ಅವನ ಅಕ್ಕ ಸಾವಂತ್ರಕ್ಕ ಉತ್ತರ ಕೊಟ್ಟರು. "ಹದಿನೈದು ದಿನ ಆತ್ರಿ, ಅದ ಚೂರು ತಿಕ್ಕೋಳಾಕತ್ತಾನ!"

"ಅಕ್ಕಾ, ವಿಜ್ಞಾನದ ನಡುವ ಬಾಯಿ ಹಾಕಬ್ಯಾಡ!"

ನೀಲಕಂಠಪ್ಪ ಗದುಗಿನ ಪಾಲಿಟೆಕ್ನಿಕ್ಕಿನ ವರ್ಕ್‌ಶಾಪಿನಲ್ಲಿ ದುಡಿದು ನಿವೃತ್ತನಾದವನು, ನನ್ನ ಪಕ್ಕದ ಮನೆಯವನು. ಅವನು ಹಿಂದೆ ಮಾಡಿದ ರೊಟ್ಟಿ ಬಡಿಯುವ ಯಂತ್ರ ಎರಡು ರೊಟ್ಟಿಗಳನ್ನು ಚಾವಣಿಗೆ ಬಡಿದಿತ್ತು. ಅವು ಇನ್ನೂ ಅಲ್ಲಿಯೇ ಇವೆ. ಹೊಸ ಯಂತ್ರಕ್ಕೆ ಹೊಲಿಗೆ ಯಂತ್ರದ ಮೋಟಾರು, ಮಿಕ್ಸರಿನ ತಳ, ಒಂದು ಗಾಜಿನ ಮುಚ್ಚಳ, ಒಂದು ಮೈಕು, ಒಂದು ಸ್ಪೀಕರು. ಹೆಸರು, ಸವಕಳಿ ಯಂತ್ರ.

ಅವನು ಚೂರನ್ನು ಒಳಗಿಟ್ಟು, ಮುಚ್ಚಳ ಹಾಕಿ, ಮೈಕಿನಲ್ಲಿ "ಇದರಾಗ ಸವೆದದ್ದು ತುಂಬು!" ಎಂದ. ಯಂತ್ರ ಎರಡು ನಿಮಿಷ ಗುಂಯ್‌ಗುಟ್ಟಿತು. ಮುಚ್ಚಳ ತೆಗೆದಾಗ ಕಂಪನಿಯ ಹೆಸರಿನ ಅಕ್ಷರಗಳ ಸಮೇತ ಇಡೀ ಸಾಬೂನು! ತಂತಿ ಕಟ್ಟಿದ ಒಂದು ಮೀಟರನ್ನು ಅದರ ಹತ್ತಿರ ಹಿಡಿದ. ಮುಳ್ಳು ತೊಂಬತ್ತಾರಕ್ಕೆ ಏರಿತು. ನೂರರಲ್ಲಿ ತೊಂಬತ್ತಾರು ಪಾಲು ಹೊಸದಾಗಿ ತುಂಬಿದ್ದು ಎಂದು ಅರ್ಥ.

ನಾನು ಮೂವತ್ತೊಂದು ವರ್ಷ ಪತ್ರಿಕೆಯ ಸುದ್ದಿಮನೆಯಲ್ಲಿ ಇದ್ದವನು. ಸಾಬೂನನ್ನು ಅಡುಗೆಮನೆಯ ತಕ್ಕಡಿಯಲ್ಲಿಟ್ಟೆ. ಸರಿಯಾಗಿ ನೂರು ಗ್ರಾಂ.

"ಸವೆಯೂದು ಅಂದ್ರೇನು ಅನ್ನೂದು ಅದಕ್ಕ ತಿಳೀಬೇಕಲ್ರೀ?" ನೀಲಕಂಠಪ್ಪ ಎದೆಯುಬ್ಬಿಸಿದ. "ಅದಕ್ಕ ಇಡೀ ಕನ್ನಡ ನಿಘಂಟು ಒಳಗ ತುರುಕೇನಿ!"

ಆಗ ಸಾವಂತ್ರಕ್ಕ ಸೆರಗಿನ ಗಂಟು ಬಿಚ್ಚಿ ಒಂದು ನಾಣ್ಯ ತೆಗೆದರು. "ಹಂಗಾರ ಇದನ್ನ ಇಡು. ಇವತ್ತ ತೀರ್ಮಾನ ಆಗಿ ಹೋಗ್ಲಿ."

ಆ ನಾಣ್ಯದ ಕತೆ ನನಗೆ ಗೊತ್ತು. ಸಾವಂತ್ರಕ್ಕನ ಗಂಡ ಗುರುಶಾಂತಪ್ಪ ಗದುಗಿನ ಒಂದು ಮುದ್ರಣಾಲಯದಲ್ಲಿ ಅಕ್ಷರದ ಮೊಳೆ ಜೋಡಿಸುತ್ತಿದ್ದ, ನನ್ನ ಗೆಳೆಯ. 1994ರಲ್ಲಿ ಹುಬ್ಬಳ್ಳಿಯ ಒಂದು ಪ್ರದರ್ಶನದಲ್ಲಿ ಬೆರಕೆ ನಾಣ್ಯಗಳ ಪೊಟ್ಟಣವೊಂದನ್ನು ಕೊಂಡಿದ್ದ. ಅದರಲ್ಲಿ ಇದು ಬಂತು. ರೋಮನ್ ಕಾಲದ ಕಂಚಿನದು, ಅಡ್ಡಳತೆ ಹತ್ತೊಂಬತ್ತು ಮಿಲಿಮೀಟರು, ತೂಕ 4.7 ಗ್ರಾಂ. ಇಂಥವನ್ನು ರೋಮ್ ನಗರದಲ್ಲಿ ಟಂಕಿಸಿದ್ದಲ್ಲ. ಸಾಮ್ರಾಜ್ಯದ ಪ್ರಾಂತಗಳಲ್ಲಿದ್ದ ಊರುಗಳು ತಮ್ಮ ಬಳಕೆಗೆ ತಾವೇ ಹೊಡೆಸಿಕೊಂಡವು. ಒಂದು ಕಡೆ ಚಕ್ರವರ್ತಿಯ ಮುಖ, ಇನ್ನೊಂದು ಕಡೆ ಊರಿಗೆ ಬೇಕಾದ ದೇವರೋ ಪ್ರಾಣಿಯೋ, ಸುತ್ತ ಗ್ರೀಕ್ ಅಕ್ಷರ. ಇದರಲ್ಲಿ ಉಳಿದಿದ್ದು ಕೊನೆಯ ಎರಡು ಅಕ್ಷರ ಮಾತ್ರ. 'ಇಂಥ ಊರಿನವರದು' ಎನ್ನುವಲ್ಲಿ 'ಅವರದು' ಉಳಿದಿತ್ತು, ಊರು ಅಳಿಸಿಹೋಗಿತ್ತು. ಪ್ರಾಣಿಯೂ ಅಷ್ಟೇ. ನಾಲ್ಕು ಕಾಲು, ಒಂದು ಬಾಲ, ಭುಜದ ಮೇಲೆ ಏನೋ ಎತ್ತರ.

ಗುರುಶಾಂತಪ್ಪ ಅದನ್ನು ಸಿಂಹದ ಜೂಲು ಎಂದ. ಸಾವಂತ್ರಕ್ಕ ಎತ್ತಿನ ಡುಬ್ಬ ಎಂದರು. ಎರಡೂ ಬಗೆಯ ನಾಣ್ಯಗಳು ಆ ಸೀಮೆಯಲ್ಲಿ ಇದ್ದವು. ಹಾಗಾಗಿ ನಾನು ಯಾರ ಪಕ್ಷವನ್ನೂ ವಹಿಸಲಿಲ್ಲ. ಜಗಳ ಇಪ್ಪತ್ತಾರು ವರ್ಷ ನಡೆಯಿತು. ಅಷ್ಟು ವರ್ಷವೂ ಅವನು ನಾಣ್ಯವನ್ನು ಅಂಗಿಯ ಕಿಸೆಯಲ್ಲಿಟ್ಟುಕೊಂಡು, ಮೊಳೆ ಒತ್ತಿ ಒತ್ತಿ ಚಪ್ಪಟೆಯಾದ ಎಡಗೈ ಹೆಬ್ಬೆರಳಿನಿಂದ ಆ ಭುಜವನ್ನೇ ತಿಕ್ಕುತ್ತಿದ್ದ. ಅಲ್ಲಿ ಒಂದು ಹೊಳೆಯುವ ತಗ್ಗು ಬಿದ್ದಿತ್ತು. ಅದು ಪೂರ್ತಿ ಅವನ ಬೆರಳಿನದೇ ಎಂದು ನಾನು ಸಾಬೀತು ಮಾಡಲಾರೆ. ನಾಲ್ಕು ವರ್ಷದ ಹಿಂದೆ ಅವನು ತೀರಿಕೊಂಡ.

"ಸೋಲ್ತೀನಿ ಅಂತ ಗೊತ್ತಾಗಿ ಡುಬ್ಬಾನ ಅಳಿಸಿ ಹೋದ್ರು ನೋಡ್ರಿ, ಅಣ್ಣಾರ!" ಎಂದರು ಸಾವಂತ್ರಕ್ಕ ನನ್ನ ಕಡೆ ತಿರುಗಿ. "ಸಾಕ್ಷಿ ನಾಶ!"

ನೀಲಕಂಠಪ್ಪ ಪ್ರಾಣಿಯಿದ್ದ ಕಡೆ ಮೇಲೆ ಮಾಡಿ ನಾಣ್ಯವನ್ನು ಒಳಗಿಟ್ಟ. ಉತ್ಸಾಹ ತಡೆಯಲಾರದೆ ಮೈಕಿನಲ್ಲಿ ಕೂಗಿದ: "ಸವೆದದ್ದೆಲ್ಲಾ ತುಂಬು!"

"ಇದರಾಗ ಅನ್ಲಿಲ್ಲಲ್ಲೋ," ಎಂದೆ.

"ಏನಾಗ್ತೈತ್ರಿ?"

ಯಂತ್ರ ಸ್ಪೀಕರಿನಲ್ಲಿ ಶಾಲಾ ಮಾಸ್ತರರಂತೆ ಹೇಳಿತು: "ಸವೆ. ಅರ್ಥ ಒಂದು: ತಿಕ್ಕಾಟದಿಂದ ಕ್ಷಯಿಸು."

ಮೊದಲು ನನ್ನ ಕಾಲು ಮೇಲೆದ್ದವು. ಚಪ್ಪಲಿಗಳ ಅಟ್ಟೆ ಬೆಳೆಯುತ್ತಿತ್ತು! ಅಡುಗೆಮನೆಯ ಈಳಿಗೆ ಎರಡು ಬೆರಳು ಅಗಲವಾಯಿತು. ಒರಳಿನ ಕುಣಿ ತುಂಬಿ ಸಮತಟ್ಟಾಯಿತು, ಗುಂಡುಕಲ್ಲು ಬಸುರಿಯಂತೆ ಉಬ್ಬಿತು. ನನ್ನ ಸವೆದ ದವಡೆ ಹಲ್ಲುಗಳು ಒಮ್ಮೆಲೇ ಎತ್ತರವಾಗಿ ಬಾಯಿ ಮುಚ್ಚಲಾಗಲಿಲ್ಲ. ಮೂರು ತಲೆಮಾರು ತುಳಿದು ಗುಳಿ ಬಿದ್ದಿದ್ದ ಹೊಸ್ತಿಲು ಎದ್ದು ಬಾಗಿಲನ್ನು ತೆರೆಯಲಾಗದಂತೆ ಗಟ್ಟಿಯಾಗಿ ಕಚ್ಚಿಕೊಂಡಿತು.

"ಬಂ ಮಾಡೋ!" ಎಂದೆ. 'ಬಂದ್' ಎನ್ನಲು ಹಲ್ಲು ಬಿಡಲಿಲ್ಲ.

ನೀಲಕಂಠಪ್ಪ ಗುಂಡಿ ಒತ್ತಿದ. ಗುಂಡಿ ಅಲುಗಲಿಲ್ಲ. ಅದರ ಸುತ್ತಲಿನ ಸಂದೂ ತುಂಬಿಹೋಗಿತ್ತು! ಮುಚ್ಚಳದ ಕೊಂಡಿಯೂ ಅಷ್ಟೇ. ಬ್ಯಾಟರಿ ಒಳಗಡೆ. ಸುತ್ತಿಗೆ ಹಿತ್ತಲ ಶೆಡ್ಡಿನಲ್ಲಿ.

"ಚಿಂತಿಲ್ರಿ, ನಾಣ್ಯ ಚಲೋ ನಡದೈತಿ!" ಅವನು ಗಾಜಿಗೆ ಮೂಗು ಹಚ್ಚಿದ. "ಕಡಿಮಿ ಸವೆದದ್ದು ಮೊದಲ, ಭಾಳ ಸವೆದದ್ದು ಕಡೀಕ. ಕಾಲು ಮೂಡಾಕತ್ತಾವ. ಆಮ್ಯಾಲೆ ಹೊಟ್ಟಿ, ಆಮ್ಯಾಲೆ ಭುಜ."

ಸಾವಂತ್ರಕ್ಕ ಬಗ್ಗಿ ನೋಡಿದರು. ಅವರ ಮುಖ ಬದಲಾಯಿತು. "ಆ ತಗ್ಗು ಅಂಚಿನಿಂದ ಸಣ್ಣ ಆಗಾಕತ್ತೈತಲ್ಲೋ!"

"ತುಂಬಲೇಬೇಕಲ್ಲ, ಅಕ್ಕಾ! ಅದು ತುಂಬಿದ್ರ ಡುಬ್ಬೋ ಜೂಲೋ ತಿಳೀತೈತಿ."

"ಅದು ಅವ್ರ ಹೆಬ್ಬಟ್ಟಿಂದೋ ಹುಚ್ಚಪ್ಪಾ! ದಿನಾ ಮುಂಜಾನೆ ನಾ ಅದರಾಗ ಬಟ್ಟಿಡ್ತೀನಿ. ತಗಿ ಹೊರಗ!"

"ತಗ್ಯಾಕ ಆಗವಲ್ದು!"

"ಅರ್ಥ ಎರಡು," ಎಂದಿತು ಯಂತ್ರ. "ದಾರಿಯ ವಿಷಯದಲ್ಲಿ: ನಡೆದು ಮುಗಿ."

ಹೊರಗೆ ಗೇಟು ಸದ್ದಾಯಿತು. ಕಿಟಕಿಯಲ್ಲಿ ನೋಡಿದರೆ ರೊಟ್ಟಿ ಮಾರುವ ಬಸಲಿಂಗವ್ವ ಬುಟ್ಟಿ ಹೊತ್ತು ಬರುತ್ತಿದ್ದಳು. ಗೇಟಿನಿಂದ ಮೆಟ್ಟಿಲಿಗೆ ಹನ್ನೆರಡು ಅಡಿ, ನಾನೇ ಅಳೆದದ್ದಿದೆ. ಅವಳು ಬೀಸುಗಾಲು ಹಾಕುತ್ತಿದ್ದಳು, ಗೇಟು ಮಾತ್ರ ಅವಳ ಬೆನ್ನ ಹಿಂದೆಯೇ ಇತ್ತು.

"ಬಸಲಿಂಗವ್ವಾ, ಹಿತ್ತಲ ಶೆಡ್ಡಿನಾಗಿನ ಸುತ್ತಿಗಿ ತಂದು ಕಿಟಕ್ಯಾಗ ಕೊಡ!" ನೀಲಕಂಠಪ್ಪ ಕಿರುಚಿದ.

"ಬರಾಕತ್ತೀನ್ರೀ ಯಪ್ಪಾ! ಎಷ್ಟ್ ನಡದ್ರೂ ದಾರೀನ ಸವೀವಲ್ದು!"

"ಓಡು!"

ಅವಳು ಓಡಿದಳು. ಏಳು ನಿಮಿಷ ಓಡಿದಳು, ಗಡಿಯಾರ ನೋಡಿಯೇ ಹೇಳುತ್ತಿದ್ದೇನೆ. ಬುಟ್ಟಿಯಿಂದ ಒಂದು ರೊಟ್ಟಿ ತೆಗೆದು ತಿನ್ನುತ್ತ ಓಡಿದಳು. ಸವೆದ ದಾರಿಯೆಲ್ಲ ಅವಳ ಮುಂದೆ ಮತ್ತೆ ತುಂಬಿಕೊಳ್ಳುತ್ತಿತ್ತು. ಒಳಗೆ ಸಾವಂತ್ರಕ್ಕನೂ ಅಡುಗೆಮನೆಯ ಕಡೆಗೆ ನಡೆಯುತ್ತಲೇ ಇದ್ದರು, ಒರಳಿನ ಗುಂಡುಕಲ್ಲು ತರಲಿಕ್ಕೆ. ನಾಲ್ಕು ಹೆಜ್ಜೆಯ ದಾರಿ. ಕಣ್ಣು ಮಾತ್ರ ಯಂತ್ರದ ಮೇಲೆ.

"ಎಷ್ಟ್ ಉಳದೈತ್ರಿ ತಗ್ಗು, ಅಣ್ಣಾರ?"

"ಅರ್ಧ," ಎಂದೆ.

"ಅರ್ಥ ಮೂರು," ಎಂದಿತು ಯಂತ್ರ. "ಸಂಕಟದ ವಿಷಯದಲ್ಲಿ: ದಿನ ಕಳೆದಂತೆ ಕಡಿಮೆಯಾಗು."

ದಾರಿಗಳು ತಟ್ಟನೆ ಬಿಟ್ಟುಕೊಟ್ಟವು. ಬಸಲಿಂಗವ್ವ ಮೆಟ್ಟಿಲಿಗೆ ಬಂದು ಬಿದ್ದಳು. ಬಿದ್ದವಳು ಸುತ್ತಿಗೆಯ ಮಾತು ಮರೆತು ಗೋಳೋ ಎಂದು ಅಳತೊಡಗಿದಳು. "ನನ್ನ ಚಿಗರೀ! ಎಂಥಾ ಆಡವ್ವಾ ನೀ!" ಆ ಆಡು ಸತ್ತು ಹನ್ನೆರಡು ವರ್ಷವಾಗಿತ್ತು.

ನೀಲಕಂಠಪ್ಪ ಗೋಡೆಗೆ ಹಣೆ ಹಚ್ಚಿದ. "ಏಳನೇ ಕ್ಲಾಸಿನ್ಯಾಗ ನನ್ನ ಜ್ವಾಲಾಮುಖಿ ಮಾಡೆಲ್ಲಿಗೆ ಎರಡನೇ ಬಹುಮಾನ ಕೊಟ್ರಲ್ರೀ! ಖರೇ ಹೊಗಿ ಬರ್ತಿತ್ರೀ ಅದರಾಗ!"

ನನಗೆ ನಗು ಬರಬೇಕಾಗಿತ್ತು. ಬದಲಿಗೆ 1989ರ ಒಂದು ಬೆಳಿಗ್ಗೆ ಕಣ್ಣೆದುರು ನಿಂತಿತು. 'ಸಚಿವರ ಭೇಟಿಗೆ ಭರದ ಸಿದ್ಧತೆ' ಎಂದಿರಬೇಕಾದ ತಲೆಬರಹ 'ಸಚಿವರ ಬೇಟೆಗೆ ಭರದ ಸಿದ್ಧತೆ' ಎಂದು ಅಚ್ಚಾಗಿತ್ತು, ನಾನು ನೋಡಿ ಬಿಟ್ಟ ಪುಟದಲ್ಲಿ. ಹದಿನೆಂಟು ಸಾವಿರ ಪ್ರತಿ! ನಾನು ಬಿಕ್ಕಿ ಬಿಕ್ಕಿ ಅತ್ತೆ. ಅದರ ಹಿಂದೆಯೇ ಗುರುಶಾಂತಪ್ಪ ಹೋದ ದಿನ ಬಂತು, ಆವತ್ತಿನ ಬಿಸಿಲಿನ ಸಮೇತ. ಆಮೇಲೆ ತಲೆಬರಹ ನೆನಪಾಗಲಿಲ್ಲ.

ನೀಲಕಂಠಪ್ಪ ಅಳುತ್ತಲೇ ಮೀಟರು ಹಿಡಿದ. ಆ ಅಭ್ಯಾಸ ಅವನನ್ನು ಬಿಡಲಿಲ್ಲ. ನನ್ನ ಸಂಕಟದಲ್ಲಿ ಹೊಸದಾಗಿ ತುಂಬಿದ್ದು ಎಪ್ಪತ್ತೆರಡು ಪಾಲು. ತನ್ನ ಎದೆಗೆ ಹಿಡಿದಾಗ ಎಂಬತ್ತೆಂಟು. ಕಿಟಕಿಯಾಚೆ ಬಸಲಿಂಗವ್ವನದು ತೊಂಬತ್ತು. ಗುಂಡುಕಲ್ಲನ್ನು ಸೊಂಟದ ಮೇಲೆ ಹೊತ್ತು ಅಡುಗೆಮನೆಯಿಂದ ಬರುತ್ತಿದ್ದ ಸಾವಂತ್ರಕ್ಕನ ಕಡೆಗೂ ಹಿಡಿದ. ಅವರ ಕಣ್ಣು ಒಣಗಿದ್ದವು.

"ಅಕ್ಕಾಗ ಸೊನ್ನಿ ತೋರಸ್ತೈತಿ," ಅವನು ಮೂಗೊರೆಸಿಕೊಂಡು ಮೀಟರನ್ನು ಬಡಿದ. "ಮೀಟರ್ ಕೆಟ್ಟೈತ್ರಿ."

ಮೀಟರು ಕೆಟ್ಟಿರಲಿಲ್ಲ. ಮರುದಿನ ನಾನೇ ಪರೀಕ್ಷಿಸಿದೆ.

ಸಾವಂತ್ರಕ್ಕ ಗುಂಡುಕಲ್ಲನ್ನು ಗಾಜಿನ ಮೇಲೆ ಬಿಟ್ಟರು. ಚೂರುಗಳ ನಡುವೆ ಕೈ ಹಾಕಿ ನಾಣ್ಯ ತೆಗೆದು ಮೊದಲು ಹೆಬ್ಬೆರಳಿಟ್ಟು ನೋಡಿದರು. ತಗ್ಗು ಕೆರೆ ಬತ್ತಿ ಹೊಂಡವಾದಂತೆ ಸಣ್ಣದಾಗಿತ್ತು. ಆದರೆ ಇತ್ತು.

"ಭುಜ ತುಂಬಿಲ್ಲ. ಜೂಲು ಇಲ್ಲ, ಡುಬ್ಬ ಇಲ್ಲ," ನೀಲಕಂಠಪ್ಪ ಗೊಣಗಿದ. "ಇನ್ನ ಒಂದ ನಿಮಿಷ ತಡದಿದ್ರ..."

ನಾನು ಕನ್ನಡಕ ಏರಿಸಿದೆ. ಕಾಲು, ಬಾಲ ನಿನ್ನೆ ಟಂಕಿಸಿದಷ್ಟು ಸ್ಪಷ್ಟವಾಗಿದ್ದವು. ಬಾಲದ ತುದಿಯಲ್ಲಿ ಕುಚ್ಚು. ಕುಚ್ಚು ಎತ್ತಿಗೂ ಇರುತ್ತದೆ, ಸಿಂಹಕ್ಕೂ ಇರುತ್ತದೆ. ಪಾದಗಳಲ್ಲಿ ಗೊರಸಲ್ಲ, ಉಗುರು. ಉಗುರು ಚಿರತೆಗೂ ಇರುತ್ತದೆ, ಆದರೆ ಚಿರತೆಯ ಬಾಲಕ್ಕೆ ಕುಚ್ಚಿಲ್ಲ. ಕುಚ್ಚು, ಉಗುರು ಎರಡೂ ಇರುವ ಪ್ರಾಣಿ ಒಂದೇ.

ಎರಡು ಸಲ ನೋಡಿದೆ. ಆಮೇಲೆ ಹೇಳಿದೆ. "ಸಿಂಹ, ಸಾವಂತ್ರಕ್ಕಾ."

"ಖಾತ್ರಿ ಏನ್ರಿ?"

"ಖಾತ್ರಿ."

"ಅಯ್ಯ, ಮಾಮಾ ತನ್ನ ಜೂಲು ತಾನ ಅಳಿಸ್ಕೊಂಡ್ನಲ್ಲ!" ಎಂದು ನೀಲಕಂಠಪ್ಪ ಅಳುವಿನ ನಡುವೆಯೇ ನಕ್ಕ.

ಸಾವಂತ್ರಕ್ಕ ನಗಲಿಲ್ಲ. "ಇಪ್ಪತ್ತಾರು ವರ್ಷ ಹೂಂ ಅನಲಿಲ್ರಿ ನಾ," ಎಂದರು. "ಆಸ್ಪತ್ರ್ಯಾಗ ಸೈತ ಕೇಳಿದ್ರು, ಈಗರ ಒಪ್ಕೊಂತೀ ಏನು ಅಂತ. ಮನೀಗೆ ಬರ್ರಿ, ಆಮ್ಯಾಲೆ ನೋಡೂಣು ಅಂದೆ. ಜಗಳ ಬಾಕಿ ಇದ್ರ ಬಂದ ಬರ್ತಾರ ಅಂತ."

ಅವರು ಕಿಟಕಿಯ ಕಡೆ ತಿರುಗಿ ನಾಣ್ಯದ ತಗ್ಗಿನಲ್ಲಿ ಹೆಬ್ಬೆರಳಿಟ್ಟರು. "ಹೂಂ ರೀ," ಎಂದರು ಮೆಲ್ಲಗೆ. "ಸಿಂಹಾನ."

ಒಳಗೆ ಬೇರೇನೂ ಇಲ್ಲದ ಯಂತ್ರ ಅಷ್ಟರಲ್ಲಿ ತನ್ನನ್ನೇ ತುಂಬಿಕೊಳ್ಳತೊಡಗಿತ್ತು. ತಿರುಪು, ಹಲ್ಲು, ತೂತು, ಸಂದು ಎಲ್ಲ ತುಂಬಿ ತುಂಬಿ ಸಂಜೆಯ ಹೊತ್ತಿಗೆ ಹದಿನಾಲ್ಕು ಕಿಲೋದ ಒಂದೇ ಗಟ್ಟಿಯಾಯಿತು. ಬಾಗಿಲಿನ ಹೊಸ್ತಿಲನ್ನು ಬಡಗಿ ಬಂದು ಕೆತ್ತಬೇಕಾಯಿತು, ನನ್ನ ಹಲ್ಲುಗಳನ್ನು ದಂತವೈದ್ಯರು. ಬಸಲಿಂಗವ್ವ ಆ ವಾರ ರೊಟ್ಟಿ ಮಾರಲಿಲ್ಲ.

ಹುಬ್ಬಳ್ಳಿಯ ನಾಣ್ಯಾಸಕ್ತರ ಸಂಘಕ್ಕೆ ಕಳಿಸುವ ನಮೂನೆಯನ್ನು ಮೊನ್ನೆ ನಾನೇ ತುಂಬಿದೆ. ಲೋಹ: ಕಂಚು. ಪ್ರಾಣಿ: ಬಲಕ್ಕೆ ನಡೆಯುತ್ತಿರುವ ಸಿಂಹ. ಊರು: ತಿಳಿಯದು. ಸ್ಥಿತಿ ಎಂಬಲ್ಲಿ ಉತ್ತಮ, ಸಾಧಾರಣ, ಸವಕಲು ಎಂಬ ಮೂರರಲ್ಲಿ ಒಂದಕ್ಕೆ ಗುರುತು ಹಾಕಬೇಕಿತ್ತು. ಮೂರನ್ನೂ ಬಿಟ್ಟು ಬದಿಯಲ್ಲಿ ಬರೆದೆ: ಕಾಲು, ಬಾಲ ಉತ್ತಮ, ಭುಜ ಬಳಕೆಯಲ್ಲಿದೆ.