ಸಾಹೇಬರ ಥಿಯೇಟರಿಗೊಂದು ಕೆಲಸ

ಕೆಲವು ಕಟ್ಟಡಗಳೊಳಗೆ ಯಾರು ಯಾವ ಒಳ್ಳೆ ಉದ್ದೇಶ ಇಟ್ಟುಕೊಂಡು ಹೋದರೂ ಏನಾದರೊಂದು ಎಡವಟ್ಟು ಆಗಿಯೇ ತೀರುತ್ತದೆ. ಶಿಡ್ಲಘಟ್ಟದ ನಮ್ಮ ಥಿಯೇಟರು ಅಂಥದ್ದು. ಅಲ್ಲಿನ ಹೆಂಗಸರ ಟಿಕೆಟ್ ಕಿಂಡಿಯ ಹಿಂದೆ ಕೂತೇ ನನ್ನ ವಯಸ್ಸು ಕಳೆಯಿತು. ಅಲ್ಲಿ ನಡೆದದ್ದನ್ನು ಈಗ ಯಾರಿಗಾದರೂ ಹೇಳಲು ಕೂತರೆ ಕೇಳುವವರು ಹೊಟ್ಟೆ ಹಿಡಿದುಕೊಂಡು ನಗುತ್ತಾರೆ. ನಾನೂ ನಗುತ್ತೇನೆ, ಆದರೆ ಸೆರಗು ಕೈಯಲ್ಲೇ ಇರಬೇಕು.

ಥಿಯೇಟರು ಕಟ್ಟಿಸಿದ್ದು ನಮ್ಮ ಸಾಹೇಬರ ತಂದೆ. ರೇಷ್ಮೆ ವ್ಯಾಪಾರ ಕೈಹಿಡಿದಿದ್ದ ಕಾಲದಲ್ಲಿ ನಾಟಕ ಕಂಪನಿಗಳಿಗೆ ಅಂತ ಕಟ್ಟಿಸಿದ್ದರು. ಆಮೇಲೆ ಸಿನಿಮಾ ಬಂತು. ನಮ್ಮ ಯಜಮಾನರು ಅಲ್ಲಿ ಪ್ರೊಜೆಕ್ಟರ್ ಆಪರೇಟರ್ ಆಗಿದ್ದರು. ಅವರು ತೀರಿಹೋದಾಗ ಸಾಹೇಬರು ಮನೆಗೆ ಬಂದು, "ಮನೇಲಿ ಕೂತು ಅತ್ರೆ ಯಾರಿಗೇನು ಲಾಭ ಅಮ್ಮ? ಕಿಂಡಿ ಹತ್ರ ಬಂದು ಕೂತ್ಕೊಂಡು ಅಳು. ಅಳ್ತಾ ಅಳ್ತಾ ಟಿಕೆಟ್ ಕೊಡು" ಅಂದರು. ಹಾಗೆ ನನಗೆ ಕೆಲಸ ಸಿಕ್ಕಿತು.

ಮನೆಮನೆಗೂ ಟೀವಿ, ಬೀದಿಗೊಂದು ವಿಡಿಯೋ ಅಂಗಡಿ ಬಂದ ಮೇಲೆ ನಮ್ಮ ಥಿಯೇಟರು ಮುಚ್ಚಿತು. ಹೆಂಚು ಜಾರಿತು, ಸ್ಟೇಜಿಗೆ ಗೆದ್ದಲು ಹಿಡಿಯಿತು. ಸಾಹೇಬರಿಗೆ ಅದನ್ನು ನೋಡಲಾಗಲಿಲ್ಲ. ಎಂಬತ್ತರ ದಶಕ ಮುಗಿಯುವ ಹೊತ್ತಿಗೆ ಹಟ ಹಿಡಿದು ರಿಪೇರಿ ಮಾಡಿಸಿದರು. ಹಳೇ ಗಾರೆ ಹೂವುಗಳ ಮೇಲಿನ ಸುಣ್ಣ ಕೆರೆಸಿ, ಹೊಸ ಹಲಗೆ ಹಾಕಿಸಿ, ಮದುವಣಗಿತ್ತಿಯ ಹಾಗೆ ನಿಲ್ಲಿಸಿದರು. ಅವರ ಇಬ್ಬರು ಗಂಡುಮಕ್ಕಳಿಗೆ ಮಾತ್ರ ಇದನ್ನು ಕೆಡವಿ ಅಂಗಡಿ ಸಾಲು ಕಟ್ಟುವ ಆಸೆ. ಕೊನೆಗೆ ಅಪ್ಪ ಮಕ್ಕಳ ನಡುವೆ ಒಂದು ಮಾತಾಯಿತು. ಮುಂದಿನ ರಂಜಾನ್ ಒಳಗೆ ಕಟ್ಟಡ ತನ್ನ ಊಟ ತಾನೇ ದುಡಿದುಕೊಂಡರೆ ಇರಲಿ, ಇಲ್ಲದಿದ್ದರೆ ಇಲ್ಲ. ಅವತ್ತು ಸಾಹೇಬರು ನನ್ನ ಕಿಂಡಿಯೊಳಗೆ ಬಗ್ಗಿ ನೋಡಿ, "ಇದಕ್ಕೊಂದು ಕೆಲಸ ಹುಡುಕ್ಬೇಕಲ್ಲಮ್ಮ" ಅಂದರು. ವಯಸ್ಸಿಗೆ ಬಂದ ಮಗನ ಬಗ್ಗೆ ಹೇಳುವ ಹಾಗಿತ್ತು.

ಸಾಯದ ದುರ್ಯೋಧನ

ಹಳೇ ಸಿನಿಮಾ ಹಾಕಿ ನೋಡಿದೆವು, ಜನ ಬರಲಿಲ್ಲ. ಹುಟ್ಟಿದ್ದೇ ನಾಟಕಕ್ಕೆ ಅಂದಮೇಲೆ ನಾಟಕವೇ ಆಗಲಿ ಅಂತ ಸಾಹೇಬರು ಅಂಬಾಜಿದುರ್ಗದ ಕಡೆಯ ಒಂದು ಊರಿನವರನ್ನು ಕರೆಸಿದರು. ಭಾನುವಾರ ಮಧ್ಯಾಹ್ನದ ಆಟ. ನಮ್ಮ ಕಡೆ ಪೌರಾಣಿಕ ನಾಟಕ ಆಡುವವರು ಕೈಯಿಂದ ದುಡ್ಡು ಹಾಕಿ ಪಾತ್ರ ತಗೊಳ್ಳುತ್ತಾರೆ. ಜಾಸ್ತಿ ಹಾಕಿದವನು ದುರ್ಯೋಧನ. ಕೃಷ್ಣನ ಪಾತ್ರಕ್ಕೆ ಜನ ಜಾಸ್ತಿ ಇದ್ದದ್ದರಿಂದ ಸೀನಿಗೊಬ್ಬ ಕೃಷ್ಣ ಬಂದ. ಒಬ್ಬ ದಪ್ಪ, ಒಬ್ಬ ಸಣಕಲು, ಒಬ್ಬನಿಗೆ ಕನ್ನಡಕ.

ಇನ್ನೊಂದು ಪದ್ಧತಿ, ಪಾತ್ರಧಾರಿಯ ನೆಂಟರು ಸ್ಟೇಜಿಗೆ ಹತ್ತಿ ಹಾರ ಹಾಕಿ ಮುಯ್ಯಿ ಕೊಡಬೇಕು. ನೆಂಟರೆಲ್ಲ ಹೊರಗೆ ಬೇವಿನ ಮರದಡಿ ಕೂತಿದ್ದು, ತಮ್ಮವನ ಸೀನು ಬಂದಾಗ ಒಳಗೆ ನುಗ್ಗಿ, ಹಾರ ಹಾಕಿ, ಹೊರಟೇ ಹೋಗುತ್ತಿದ್ದರು. ನೆಂಟರಿಗೆಂಥ ಟಿಕೆಟ್ ಅಂತ ಗೇಟಿನಲ್ಲಿ ನಮಗೇ ದಬಾಯಿಸಿದರು. ಗದಾಯುದ್ಧದ ಹೊತ್ತಿಗೆ ಹಾಲಿನಲ್ಲಿ ಉಳಿದದ್ದು ಸಾಹೇಬರು, ನಾನು, ಮತ್ತೆ ನಿದ್ದೆ ಹೋಗಿದ್ದ ಯಾರೋ ಒಬ್ಬರು.

ಭೀಮ ತೊಡೆಗೆ ಹೊಡೆದ. ದುರ್ಯೋಧನ ಬೀಳಲಿಲ್ಲ. ಇನ್ನೊಂದು ಹೊಡೆದ. ಆಗಲೂ ನಿಂತೇ ಇದ್ದ.

"ಬೀಳಪ್ಪ, ಗದೆ ಎತ್ತಿ ಎತ್ತಿ ಕೈ ಬಿದ್ದೋಯ್ತು" ಅಂದ ಭೀಮ.

"ನಮ್ಮ ಮಾವ ಇನ್ನೂ ಬಂದಿಲ್ಲ ಕಣೋ. ಚಿಂತಾಮಣಿ ಬಸ್ಸಿಗೆ ಬರ್ತೀನಿ ಅಂದವ್ರೆ. ಹಾರ ಹಾಕ್ಸಿಕೊಳ್ದೆ ಹೆಂಗೆ ಸಾಯ್ಲಿ?"

ಹಾರ್ಮೋನಿಯಂನವನು ಬಾರಿಸಿದ್ದನ್ನೇ ಬಾರಿಸಿದ. ಮಾವ ಬರಲಿಲ್ಲ. ಸಾಹೇಬರೇ ಎದ್ದು, ಆಫೀಸಿನಲ್ಲಿ ಅವರಪ್ಪನ ಫೋಟೋಕ್ಕೆ ಹಾಕಿದ್ದ ಹಾರ ತಂದು ದುರ್ಯೋಧನನ ಕೊರಳಿಗೆ ಹಾಕಿ, "ನಾನೇ ನಿಮ್ಮ ಮಾವ ಅಂದ್ಕೊಂಡು ಸಾಯಿ ತಂದೆ, ಹಾಲಿಗೆ ಬೀಗ ಹಾಕ್ಬೇಕು" ಅಂದರು.

ಸ್ಟೇಜಿನ ಮೇಲಿನ ಪಂಕ್ತಿ

ಆಮೇಲೆ ಮದುವೆಗೆ ಬಾಡಿಗೆ ಕೊಡೋಣ ಅಂತಾಯಿತು. ಗೌರಿಬಿದನೂರಿನ ಕಡೆಯ ಗಂಡು, ನಮ್ಮೂರಿನ ಹೆಣ್ಣು. ಧಾರೆ ಏನೋ ಚೆನ್ನಾಗಿಯೇ ಆಯಿತು. ತೊಂದರೆ ಬಂದದ್ದು ಊಟಕ್ಕೆ. ಕುರ್ಚಿಗಳನ್ನೆಲ್ಲ ನೆಲಕ್ಕೆ ಬೋಲ್ಟು ಹಾಕಿ ಕೂರಿಸಿದ್ದರಿಂದ ಎಲೆ ಹಾಕಲು ಜಾಗ ಇದ್ದದ್ದು ಸ್ಟೇಜಿನ ಮೇಲೆ ಮಾತ್ರ. ಗಂಡಿನ ಕಡೆಯವರು ಮೊದಲ ಪಂಕ್ತಿಗೆ ಸ್ಟೇಜು ಹತ್ತಿ ಸಾಲಾಗಿ ಕೂತರು. ಹೆಣ್ಣಿನ ಕಡೆಯವರು ಎರಡನೇ ಪಂಕ್ತಿ. ಎಲ್ಲಾ ಮದುವೆಯಲ್ಲೂ ಉಣ್ಣುವವರ ಬೆನ್ನ ಹಿಂದೆ ನಿಂತು ಕಾಯುತ್ತಾರೆ. ಇಲ್ಲಿ ಕುರ್ಚಿ ಖಾಲಿ ಇದ್ದವಲ್ಲ, ಕೆಳಗೆ ಆರಾಮಾಗಿ ಕೂತು ಸ್ಟೇಜು ನೋಡತೊಡಗಿದರು.

ಮೇಲೆ ಕೂತವರಿಗೆ ಗಂಟಲಲ್ಲಿ ತುತ್ತು ಇಳಿಯಲಿಲ್ಲ. ಗಂಡಿನ ಸೋದರಮಾವ ಎರಡನೇ ಸಲ ಪಾಯಸ ಹಾಕಿಸಿಕೊಂಡಾಗ ಹಾಲಿನಲ್ಲಿ ಗುಸುಗುಸು ಎದ್ದಿತು. ಮುಂದಿನ ಸಾಲಿನ ಒಬ್ಬ ಅಜ್ಜಿ, "ಆ ಹಸಿರು ಸೀರೆಯಮ್ಮ ನೋಡೇ, ಹೋಳಿಗೆ ಎಲೆ ಕೆಳಗೆ ಬಚ್ಚಿಡ್ತಾಳೆ" ಅಂತ ಇಡೀ ಹಾಲಿಗೆ ಕೇಳುವ ಹಾಗೆ ಹೇಳಿದಳು. ಗಂಡಿನ ಕಡೆಯವರಿಗೆ ಕೋಪ ಬಂದು, "ರೀ, ಪರದೆ ಎಳೀರಿ" ಅಂದರು. ಎಳೆದೆವು. ಎಳೆದದ್ದೇ ತಪ್ಪಾಯಿತು. ಕೆಳಗಿದ್ದವರೆಲ್ಲ ಎದ್ದು ನಿಂತು, ಪರದೆ ಹಿಂದೆ ನಮಗಿಲ್ಲದ್ದು ಇನ್ನೇನೋ ಬಡಿಸುತ್ತಿದ್ದಾರೆ ಅಂತ ಗಲಾಟೆ ಎಬ್ಬಿಸಿದರು.

ಜಗಳ ಬಿಡಿಸಿ ಬಂದ ಸಾಹೇಬರು ಬೆವರು ಒರೆಸಿಕೊಳ್ಳುತ್ತ ಹೇಳಿದ್ದು ಇಷ್ಟೇ. "ರಿಪೇರಿ ಆದಮೇಲೆ ಜನ ಕಣ್ಣು ಮಿಟುಕಿಸದೆ ನೋಡಿದ ಆಟ ಇದೊಂದೇ ಅಮ್ಮ."

ಎದ್ದು ಹೋಗದ ಪ್ರೇಕ್ಷಕರು

ಮೂರನೆಯದು ನನ್ನದೇ ಐಡಿಯಾ. ನಮ್ಮಣ್ಣ ಸಾದಲಿಯಲ್ಲಿ ರೇಷ್ಮೆ ಹುಳು ಸಾಕುತ್ತಿದ್ದ. ಆ ಸಲ ಹುಳು ಚೆನ್ನಾಗಿ ಎದ್ದು, ಗೂಡು ಕಟ್ಟಿಸುವ ಬಿದಿರಿನ ಚಂದ್ರಿಕೆಗಳನ್ನು ನಿಲ್ಲಿಸಲು ಮನೆಯಲ್ಲಿ ಜಾಗ ಸಾಲಲಿಲ್ಲ. ಥಿಯೇಟರಿನಲ್ಲಿ ಗಾಳಿ ಆಡುತ್ತದೆ, ಬಿಸಿಲು ಬೀಳುವುದಿಲ್ಲ, ತಂದಿಡು ಅಂದೆ. ಎತ್ತಿನ ಗಾಡಿಯಲ್ಲಿ ಚಂದ್ರಿಕೆಗಳು ಬಂದು ಕುರ್ಚಿಗಳ ಮೇಲೆ ಸಾಲಾಗಿ ನಿಂತವು.

ಹುಳುವಿನ ಮನೆಯ ಮಡಿ ಗೊತ್ತಲ್ಲ. ಊದುಬತ್ತಿ ಕೂಡದು, ಒಗ್ಗರಣೆ ಘಾಟು ಕೂಡದು, ಚಪ್ಪಲಿ ಕೂಡದು, ಹೊರಗಿನವರ ಕಣ್ಣು ಬೀಳಕೂಡದು. ಜನ್ಮದಲ್ಲಿ ಅತ್ತರು ಬಿಡದಿದ್ದ ಸಾಹೇಬರು ಅಷ್ಟು ದಿನವೂ ಅತ್ತರು ಮುಟ್ಟಲಿಲ್ಲ. ಬರಿಗಾಲಲ್ಲಿ ಬಂದು, ಹಿಂದಿನ ಸಾಲಿನಲ್ಲಿ ಕೂತು, ಪಿಸುಮಾತಿನಲ್ಲಿ ಮಾತಾಡುತ್ತಿದ್ದರು. "ನೋಡಮ್ಮ, ಪ್ರೇಕ್ಷಕರು ಅಂದ್ರೆ ಇವ್ರು. ಬೀಡಿ ಸೇದಲ್ಲ, ಶಿಳ್ಳೆ ಹೊಡೆಯಲ್ಲ, ಮಧ್ಯದಲ್ಲಿ ಎದ್ದು ಹೋಗಲ್ಲ."

ಎದ್ದು ಹೋಗದಿದ್ದದ್ದೇನೋ ನಿಜ. ಚಂದ್ರಿಕೆಯಿಂದ ಜಾರಿದ ಹುಳುಗಳು ಕುರ್ಚಿಯ ಸಂದಿಯಲ್ಲಿ, ಪರದೆಯ ಮಡಿಕೆಯಲ್ಲಿ, ಗೋಡೆಯ ಗಾರೆ ಹೂವಿನಲ್ಲಿ ಎಲ್ಲೆಂದರಲ್ಲಿ ಗೂಡು ಕಟ್ಟಿದವು. ಕುರ್ಚಿ ಮಡಚಿದರೆ ಗೂಡು ಅಪ್ಪಚ್ಚಿ, ಮಡಚದಿದ್ದರೆ ಗುಡಿಸಲಾಗದು. ಹುಳುವಿನ ಉಚ್ಚೆಗೆ ಹೊಸ ಹಲಗೆಯ ಬಣ್ಣ ಹೋಯಿತು. ಆದರೂ ಮಾರ್ಕೆಟ್ಟಿನಲ್ಲಿ ಅಣ್ಣನ ಗೂಡಿಗೆ ಒಳ್ಳೆಯ ರೇಟು ಸಿಕ್ಕಿದಾಗ ಸಾಹೇಬರು ಮಗುವಿನ ಹಾಗೆ ಕುಣಿದರು. ಪ್ರತಿ ಬೆಳೆಗೂ ಹುಳು ಬಂದರೆ ಥಿಯೇಟರು ಉಳಿಯಿತು ಅಂತ ನಾನೂ ನಂಬಿದೆ. ಎಷ್ಟೋ ದಿನದ ಮೇಲೆ ಅವತ್ತು ನೆಮ್ಮದಿಯಾಗಿ ನಿದ್ದೆ ಮಾಡಿದೆ.

ಮುಂದಿನ ಬೆಳೆಗೆ ಅಣ್ಣ ಬರಲಿಲ್ಲ. ವಿಚಾರಿಸಲು ಸಾದಲಿಗೆ ಹೋದರೆ ಮನೆಯ ಪಕ್ಕದಲ್ಲಿ ಹೊಸ ಶೆಡ್ಡು ಎದ್ದಿದೆ. "ಎಲ್ಲಾ ನಿಮ್ಮ ಥಿಯೇಟ್ರು ಪುಣ್ಯ ಕಣಮ್ಮ. ಅಲ್ಲಿ ಬಂದ ಲಾಭದಲ್ಲೇ ಕಟ್ಟಿದ್ದು. ಇನ್ಮೇಲೆ ನಿಮಗೆ ತೊಂದ್ರೆ ಕೊಡಲ್ಲ ಅಂತ ಸಾಹೇಬ್ರಿಗೆ ಹೇಳು" ಅಂದ.

ತಿಳಿದವರು

ಅಷ್ಟರಲ್ಲಿ ಚಿಕ್ಕಬಳ್ಳಾಪುರದಿಂದ ಒಬ್ಬ ಮೇಷ್ಟರು ಬಂದರು, ಹಳೇ ಕಟ್ಟಡಗಳ ವಿಷಯ ಓದಿಕೊಂಡವರು. ಗೋಡೆ ಸವರಿದರು, ಬಾಲ್ಕನಿ ಹತ್ತಿ ಇಳಿದರು, ಗಾರೆ ಹೂವಿನ ಮುಂದೆ ನಿಂತು ಕಣ್ಣಲ್ಲಿ ನೀರು ತಂದುಕೊಂಡರು. ಸಾಹೇಬರು ಅವರಿಗೆ ಎರಡೆರಡು ಸಲ ಚಹಾ ಕುಡಿಸಿದರು.

"ಇಂಥದ್ದು ಈ ಸೀಮೆಯಲ್ಲೇ ಇಲ್ಲ. ಏನೇ ಆಗಲಿ ಇದನ್ನ ಉಳಿಸ್ಕೊಳ್ಳಲೇಬೇಕು ಸಾಹೇಬ್ರೆ" ಅಂದರು.

"ಹೇಗೆ ಉಳಿಸ್ಲಿ ಸ್ವಾಮಿ, ಒಂದು ದಾರಿ ಹೇಳಿ."

ಮೇಷ್ಟರು ಇನ್ನೊಂದು ಸಲ ಗೋಡೆ ಸವರಿದರು. "ಮೊದಲು ಇದರೊಳಗೆ ಜನ ಬರೋದನ್ನ ನಿಲ್ಲಿಸ್ಬೇಕು."

"ಅದೊಂದು ಆಗ್ಲೇ ಆಗಿದೆ" ಅಂದರು ಸಾಹೇಬರು.

ಹೌಸ್‌ಫುಲ್

ರಂಜಾನ್ ಹತ್ತಿರ ಬಂತು. ಮಕ್ಕಳು ಬಾಯಿ ಬಿಟ್ಟು ಏನೂ ಕೇಳಲಿಲ್ಲ, ಅದೇ ಸಾಹೇಬರನ್ನು ಹೆಚ್ಚು ಕಾಡಿತು. ಅವರು ಊಟ ಕಡಿಮೆ ಮಾಡಿದರು. ಸುದ್ದಿ ಊರಲ್ಲಿ ಹಬ್ಬಿ, ನಾಲ್ಕು ಜನ ಹಿರಿಯರು ಸೇರಿ ಥಿಯೇಟರು ಉಳಿಸಲು ಒಂದು ಸಭೆ ಕರೆದರು. ಜಾಗ, ನಮ್ಮ ಥಿಯೇಟರೇ.

ಅವತ್ತು ಬಂದ ಜನವನ್ನು ನಾನು ಹೇಗೆ ಹೇಳಲಿ. ಕೆಳಗೆ ತುಂಬಿ, ಬಾಲ್ಕನಿ ತುಂಬಿ, ಹೆಂಗಸರ ಕಡೆ ಒಬ್ಬರ ಮಡಿಲಲ್ಲಿ ಒಬ್ಬರು. ನಮ್ಮ ಯಜಮಾನರು ಇದನ್ನು ನೋಡಲು ಇರಬೇಕಿತ್ತು ಅನ್ನಿಸಿತು. ಉಳಿಯಿತು, ಇನ್ನು ಭಯವಿಲ್ಲ ಅಂದುಕೊಂಡೆ. ಸಾಹೇಬರು ಸ್ಟೇಜಿನ ಮೇಲೆ ಕೈಮುಗಿದುಕೊಂಡೇ ಕೂತಿದ್ದರು.

ಭಾಷಣ ಶುರುವಾಯಿತು. ಮೊದಲು ಎದ್ದ ಹಿರಿಯರು, "ಈ ಥಿಯೇಟ್ರು ಅಂದ್ರೆ ನಮ್ಮ ಪ್ರಾಣ. ಚಿಕ್ಕೋನಿದ್ದಾಗ ಹಿಂದಿನ ಗೋಡೆ ಹಾರಿ ಬಂದು ಎಷ್ಟು ಪಿಚ್ಚರ್ ನೋಡಿದೀನಿ" ಅಂದರು. ಚಪ್ಪಾಳೆ ಬಿತ್ತು. ಎರಡನೆಯವರು, "ನಾನು ಗೋಡೆ ಹಾರ್ತಿರ್ಲಿಲ್ಲ, ಕಕ್ಕಸು ಕಿಟಕಿಯಿಂದ ಬರ್ತಿದ್ದೆ" ಅಂದರು. ಇನ್ನೂ ದೊಡ್ಡ ಚಪ್ಪಾಳೆ. ಮೂರನೆಯವರಿಗೆ ಗೇಟ್ ಕೀಪರ್ ಚಿಕ್ಕಪ್ಪ. ನಾಲ್ಕನೆಯವರು ಇಂಟರ್‌ವಲ್ಲಿನಲ್ಲಿ ಹೊರಗೆ ಬಂದವರ ಜೊತೆ ಸೇರಿಕೊಂಡು ಒಳಗೆ ಹೋಗುತ್ತಿದ್ದರಂತೆ, ಮದುವೆಯಾಗುವವರೆಗೂ ಯಾವ ಸಿನಿಮಾದ ಮೊದಲರ್ಧವನ್ನೂ ನೋಡಿರಲಿಲ್ಲವಂತೆ. ಹೆಂಗಸರ ಕಡೆಯಿಂದಲೂ ಒಬ್ಬಾಕೆ ಎದ್ದು, ನಾಲ್ಕು ಜನ ಒಂದೇ ಬುರ್ಖಾ ಸರದಿ ಮೇಲೆ ಹಾಕಿಕೊಂಡು ಒಂದೇ ಟಿಕೆಟ್ಟಿನಲ್ಲಿ ಒಳಗೆ ಬಂದ ಕಥೆ ಹೇಳಿದಳು. ನಾನೇ ಕೊಟ್ಟಿದ್ದ ಟಿಕೆಟ್ಟು. ಇಡೀ ಸಭೆ ನಗುವಿನಲ್ಲಿ ಮುಳುಗಿಹೋಯಿತು. ನಾನು ಮಾತ್ರ ಸಾಹೇಬರ ಮುಖವನ್ನೇ ನೋಡುತ್ತಿದ್ದೆ.

ಸಾಹೇಬರು ಎದ್ದು ಮೈಕ್ ಹತ್ತಿರ ಬಂದರು.

"ಎಲ್ರಿಗೂ ಶುಕ್ರಿಯಾ. ಒಂದೇ ಮಾತು ಕೇಳ್ತೀನಿ. ರಿಪೇರಿ ಆದ ಮೇಲೆ ಟಿಕೆಟ್ ತಗೊಂಡು ಇದರೊಳಗೆ ಬಂದೋರು ಯಾರಾದ್ರೂ ಇದ್ರೆ ದಯಮಾಡಿ ಕೈ ಎತ್ತಿ."

ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಕೆಮ್ಮಿದರು. ಕೊನೆಗೆ ಹಿಂದಿನ ಸಾಲಿನಲ್ಲಿ ಒಂದು ಕೈ ಮೇಲೆದ್ದಿತು. ನಮ್ಮೂರಿನವನಲ್ಲ, ಚಿಂತಾಮಣಿಯ ಟೊಮೇಟೊ ಮಂಡಿಯವನು.

"ಬಾಪ್ಪ, ಎದ್ದು ನಿಂತ್ಕೊ. ಯಾವ ಆಟಕ್ಕೆ ಬಂದಿದ್ದೆ?"

ಅವನು ಸಂಕೋಚದಿಂದ ಎದ್ದ. "ಆಟ ನೋಡ್ಲಿಲ್ಲ ಸಾಹೇಬ್ರೆ. ನಿಮ್ಮ ಮಕ್ಕಳು ಜಾಗ ಕೊಡ್ತೀವಿ ಅಂದಿದ್ರು. ಗೋಡೆ ಎಷ್ಟು ದಪ್ಪ ಅದೆ, ಕೆಡವೋಕೆ ಎಷ್ಟು ಆಳು ಬೇಕು ಅಂತ ನೋಡ್ಕೊಂಡು ಹೋಗೋಕೆ ಬಂದಿದ್ದೆ. ಬಿಟ್ಟಿ ಒಳಗೆ ಬರೋದು ಮರ್ಯಾದೆ ಅಲ್ಲ ಅಂತ ಟಿಕೆಟ್ ತಗೊಂಡೆ."

ಸಾಹೇಬರು ಅವನನ್ನೇ ನೋಡಿದರು. ಆಮೇಲೆ ನಕ್ಕರು, ಹೊಟ್ಟೆಯೊಳಗಿಂದ, ಕನ್ನಡಕ ತೆಗೆದು ಕಣ್ಣು ಒರೆಸಿಕೊಳ್ಳುತ್ತ.

"ಹಂಗಾದ್ರೆ ಥಿಯೇಟ್ರು ನಿಂದೇ ಕಣಪ್ಪ. ಟಿಕೆಟ್ ತಗೊಂಡೋನಿಗೆ ತಾನೇ ಸೀಟು."

ಜನ ಬಿದ್ದು ಬಿದ್ದು ನಕ್ಕರು, ಚಪ್ಪಾಳೆ ನಿಲ್ಲಲೇ ಇಲ್ಲ. ಅಷ್ಟು ಚಪ್ಪಾಳೆಯನ್ನು ಆ ಥಿಯೇಟರಿನಲ್ಲಿ ನಾನು ಯಾವತ್ತೂ ಕೇಳಿರಲಿಲ್ಲ. ಸಾಹೇಬರು ಮೈಕ್ ಬಿಟ್ಟು ಮೆಲ್ಲಗೆ ಹೋಗಿ ಕುರ್ಚಿಯ ಮೇಲೆ ಕೂತರು. ನನಗೆ ತಡೆಯಲಾಗಲಿಲ್ಲ, ಮುಖಕ್ಕೆ ಸೆರಗು ಒತ್ತಿಕೊಂಡು ಅತ್ತುಬಿಟ್ಟೆ.

ಪಕ್ಕದಲ್ಲಿ ಕೂತಿದ್ದ ಹೆಂಗಸು ನನ್ನ ಬೆನ್ನು ಸವರಿದಳು.

"ಯಾಕಮ್ಮ ಅಳ್ತೀಯ? ಜನ ಬರಲ್ಲ, ಬರಲ್ಲ ಅಂತಿದ್ರಿ, ನೋಡು ಎಷ್ಟು ಜನ. ದಿನಾ ಹಿಂಗೇ ಫ್ರೀ ಬಿಡಿ, ಥಿಯೇಟ್ರು ಅದು ಹೆಂಗೆ ಉಳಿಯಲ್ವೋ ನಾವೂ ನೋಡ್ತೀವಿ."