ಸರಾಸರಿಗೆ ಸೇರದ ದಿನ

ಯಂತ್ರಕ್ಕೆ ಮೂರು ಲಕ್ಷ, ಸುತ್ತಲ ತಂತಿ ಬೇಲಿಗೆ ಇಪ್ಪತ್ತು ಸಾವಿರ, ಅದನ್ನು ಕಾಯುವ ಸುಧಾಕರನಿಗೆ ತಿಂಗಳಿಗೆ ಎರಡು ಸಾವಿರದ ನಾನೂರು. ತ್ರಾಸಿಯ ಕಡಲ ದಂಡೆಯಲ್ಲಿ ಮಳೆ, ಗಾಳಿ, ಬಿಸಿಲು ಅಳೆಯಲು 2003ರಲ್ಲಿ ತಗುಲಿದ್ದು ಇಷ್ಟು. ಯಂತ್ರ ನಿಮಿಷಕ್ಕೊಂದು ಅಂಕಿಯನ್ನು ಫೋನ್ ತಂತಿಯಲ್ಲಿ ಬ್ರಹ್ಮಾವರದ ಹವಾಮಾನ ಆಫೀಸಿಗೆ ಕಳಿಸುತ್ತಿತ್ತು. ಅಲ್ಲಿನ ಕಂಪ್ಯೂಟರು ಅಷ್ಟನ್ನೂ ಸೋಸಿ ದಿನಕ್ಕೊಂದು ಸರಾಸರಿಯ ಸಾಲು ಉಳಿಸುತ್ತಿತ್ತು. ಸುಧಾಕರನ ಕೆಲಸ ಒಂದೇ, ಬೇಲಿಯೊಳಗೆ ಯಾರನ್ನೂ ಬಿಡಬಾರದು. ಬಿಟ್ಟರೆ ಕೆಲಸ ಹೋಗುತ್ತದೆ.

ಒಂದು ವರ್ಷದಲ್ಲಿ ಅಲ್ಲಿಗೆ ಒಬ್ಬರೂ ಬಂದಿರಲಿಲ್ಲ. ಕಾವಲು ಶೆಡ್ಡಿನ ಗೋಡೆಯ ಹಲ್ಲಿಗೊಂದು ಹೆಸರಿಟ್ಟಿದ್ದ; ಅದರ ಜೊತೆಗಿನ ಮಾತೂ ಮುಗಿದುಹೋಗಿತ್ತು.

ಡಿಸೆಂಬರಿನ ಒಂದು ಬೆಳಿಗ್ಗೆ ಹನ್ನೊಂದಕ್ಕೆ ಮೀನು ಮಾರುವ ಗುಲಾಬಿ ಹಸಿ ಸಿಗಡಿಯ ಬುಟ್ಟಿ ಹೊತ್ತು ಬಂದಳು.

"ಹ್ವಾಯ್ ಸುಧಾಕರ, ಬಾಗ್ಲ್ ತೆಗಿ ಮಾರಾಯ. ಹೊರ್ಗೆ ನಾಯಿ ಕಾಟ. ಚಟ್ಲಿ ಇಲ್ಲೇ ಒಣ್ಸತೆ."

"ಆತಿಲ್ಲೆ ಗುಲಾಬಕ್ಕ, ರೂಲ್ಸ್ ಇತ್ತ್."

"ಹಂಗಾರೆ ಹೋತೆ."

ಹೋಗುತ್ತಾಳೆ ಎಂದೊಡನೆ ಸುಧಾಕರನ ಕೈ ತಾನಾಗಿ ಬೀಗ ತೆಗೆಯಿತು.

ಸಿಗಡಿ ಹರಡಿದ್ದೇ ತಡ, ಮದುವೆಮನೆಗೆ ನೆಂಟರು ನುಗ್ಗಿದಂತೆ ಕಾಗೆಗಳು ಬಂದವು. ಗುಲಾಬಿ ಬಕೆಟ್ಟಿನ ನೀರು ಎರಚಿದಳು. ಕಾಗೆ ಹಾರಿತು, ನೀರೆಲ್ಲ ಮಳೆಮಾಪಕದೊಳಗೆ ಬಿತ್ತು. ಒದ್ದೆಯಾದ ಟವೆಲನ್ನು ಬಿಸಿಲು ಅಳೆಯುವ ಗಾಜಿನ ಬುರುಡೆಗೆ ಹೊದಿಸಿದಳು. ಗಲಾಟೆ ಕೇಳಿ ಪಕ್ಕದ ಹೋಟೆಲಿನ ಚಂದಯ್ಯ ಶೆಟ್ಟರೂ ಬಂದು, ಗಾಳಿಗೆ ತಿರುಗುವ ಬಟ್ಟಲುಗಳನ್ನು ನೋಡಿ ಹೌಹಾರಿದರು.

"ಎಂತ ಮಾರಾಯ, ಬಯಲಿಗೆ ಫ್ಯಾನಾ? ಕರೆಂಟ್ ದಂಡ!" ಎಂದು ಅದನ್ನು ಬಾಳೆನಾರಿನಿಂದ ಬಿಗಿದು ಕಟ್ಟಿದರು.

ಸುಧಾಕರ ಇದ್ಯಾವುದನ್ನೂ ಕಾಣಲಿಲ್ಲ. ಅವನು ತನ್ನ ಅಜ್ಜಿಯ ಕತೆ ಹೇಳುತ್ತಿದ್ದ. ಅವರಿಬ್ಬರೂ ಹೂಂಗುಟ್ಟುತ್ತಿದ್ದರು.

ಮೂರು ಗಂಟೆಗೆ ಅವರು ಹೊರಟ ಮೇಲೆ ಅವನು ಯಂತ್ರದತ್ತ ನೋಡಿದ. ಅದು ಆಫೀಸಿಗೆ ಕಳಿಸಿರುವುದು ನಡುಹಗಲಲ್ಲಿ ಕತ್ತಲೆ, ಡಿಸೆಂಬರಿನಲ್ಲಿ ಜಡಿಮಳೆ, ಕಡಲತಡಿಯಲ್ಲಿ ಗಾಳಿಯೇ ಇಲ್ಲ! ಹೇಗೂ ಸಿಕ್ಕಿಬೀಳುತ್ತೇನೆಂದುಕೊಂಡು ಆಫೀಸಿನ ಪ್ರೇಮಾನಂದರಿಗೆ ತಾನೇ ಫೋನು ಮಾಡಿ ಎಲ್ಲವನ್ನೂ ಒಪ್ಪಿಕೊಂಡ.

"ನಿಲ್ಲಿ, ಕಂಡ್ ಹೇಳ್ತೆ," ಎಂದರು ಅವರು. ಕಂಪ್ಯೂಟರು ನೋಡಿ ಬಂದ ನಂತರ, "ಎಂತ ಆಯ್ಲಿಲ್ಲ ಮಾರ್ರೆ! ಹತ್ರದ ಬೈಂದೂರಿನ ಯಂತ್ರದ ಲೆಕ್ಕಕ್ಕೆ ತಾಳೆ ಆಗದ್ದನ್ನೆಲ್ಲ ಕಂಪ್ಯೂಟರೇ ಬಿಸಾಡಿತ್ತ್. ಲೆಕ್ಕದಲ್ಲಿ ನಿಮ್ ದಿನ ಬೆಳ್ಳಗಿತ್ತ್. ಮಳೆ ಸೊನ್ನೆ, ಗಾಳಿ ಸಾಧಾರಣ."

ಸುಧಾಕರ ಸುಖವಾಗಿ ಉಸಿರುಬಿಟ್ಟ. ಸಂಜೆ ಐದಕ್ಕೆ, ವರ್ಷದಲ್ಲೇ ಮೊದಲ ಬಾರಿಗೆ ಶೆಡ್ಡಿನ ಫೋನು ರಿಂಗಾಯಿತು. ಪ್ರೇಮಾನಂದರು.

"ಸುಧಾಕರ್ರೆ, ಸಾಹೇಬ್ರಿಗೆ ಹೇಳ್ದೆ. ಅವ್ರಿಗೆ ಭಾರೀ ಖುಷಿ ಆಯ್ತ್. ಯಾರ್ ಒಳಗ್ ಬಂದ್ರೂ ಕಂಪ್ಯೂಟರೇ ಸರಿ ಮಾಡತ್ತಂಬ್ರ್. ಇನ್ನ್ ಕಾವಲು ಬ್ಯಾಡ. ನಾಳೆ ಬೀಗದ ಕೈ ತಂದ್ ಕೊಡಿ."

"ನಾನ್ ಫೋನ್ ಮಾಡ್ದಿದ್ರೆ?"

"ನಮ್ಗ್ ಗೊತ್ತೇ ಆತಿರ್ಲಿಲ್ಲೆ."

ಆ ದಿನ ಸುಧಾಕರ ನಾಲ್ಕು ಗಂಟೆ ಕಾಲ ಮನುಷ್ಯರೊಡನೆ ಮಾತಾಡಿದ. ಕೆಲಸ ಹೋಯಿತು.