ದರ್ಶಿನಿಯಲ್ಲಿ ಕೊಟ್ಟ ಸಾಕ್ಷಿ

ಹೆದರಿಕೆಯಲ್ಲಿ ಎರಡು ಬಗೆ. ಒಂದು ತಾನಾಗಿ ಮೈಮೇಲೆ ಬರುವುದು, ಇನ್ನೊಂದು ನಾವೇ ಚಂದಾ ಕಟ್ಟಿ ಮನೆಗೆ ತರಿಸಿಕೊಳ್ಳುವುದು. ಮೊದಲನೆಯದು ಹೇಳದೆ ಕೇಳದೆ ಬಂದು, ಕಣ್ಣು ಮಿಟುಕಿಸುವುದರೊಳಗೆ ಮುಗಿದಿರುತ್ತದೆ. ಎರಡನೆಯದು ತಟ್ಟೆ ಹಿಡಿದು ಸೋಫಾದ ಮೇಲೆ ಕೂತವರ ಎದುರಿಗೆ ಕಂತು ಕಂತಾಗಿ ಬಿಚ್ಚಿಕೊಳ್ಳುತ್ತದೆ. ಬುದ್ಧಿ ಇರುವವರು ಒಂದು ಸಲಕ್ಕೆ ಒಂದನ್ನು ಮಾತ್ರ ಇಟ್ಟುಕೊಳ್ಳುತ್ತಾರೆ. ನಾನು ಎಂಜಿನಿಯರಿಂಗ್ ಓದಿದವನಾದ್ದರಿಂದ ಎರಡನ್ನೂ ಒಂದೇ ವಾರದಲ್ಲಿ ತಂದುಕೊಂಡೆ.

ಚಂದಾ ಕಟ್ಟಿದ್ದರ ವಿಷಯ ಮೊದಲು ಹೇಳಿಬಿಡುತ್ತೇನೆ. ನಾಗಸಂದ್ರದ ನಮ್ಮ ಫ್ಲ್ಯಾಟಿನಲ್ಲಿ ನಾನೂ ನನ್ನ ಹೆಂಡತಿ ಶಶಿಕಲಾಳೂ ಊಟದ ಹೊತ್ತಿಗೆ ಏನಾದರೊಂದು ಸರಣಿ ಹಾಕಿಕೊಂಡು ಕೂರುವುದು ರೂಢಿ. ಆ ವಾರ ನೋಡುತ್ತಿದ್ದದ್ದು ಭ್ರಷ್ಟ ಪೊಲೀಸರ ಕಥೆ. ಠಾಣೆಗೆ ಠಾಣೆಯೇ ಕೆಟ್ಟುಹೋಗಿತ್ತು. ಇನ್ಸ್‌ಪೆಕ್ಟರು ಕಾರಿನ ಕೀಲಿಕೈಯಿಂದ ಕಿವಿ ಕೆರೆದುಕೊಳ್ಳುತ್ತಲೇ ಜನರ ಹಣೆಬರಹ ತೀರ್ಮಾನಿಸುತ್ತಿದ್ದ. ಇದ್ದೊಬ್ಬ ಒಳ್ಳೆಯ ಪೇದೆಗೆ ಎರಡನೆಯ ಕಂತಿನಲ್ಲೇ ವರ್ಗವಾಯಿತು. ಇನ್ನು ಸಾಕ್ಷಿಗಳೋ, ಎಲ್ಲರೂ ಒಂದೇ ಅಚ್ಚಿನವರು: ಕನ್ನಡಕ, ಇಸ್ತ್ರಿ ಮಾಡಿದ ಅಂಗಿ, ಕೈಯಲ್ಲಿ ಊಟದ ಡಬ್ಬಿ, ಯಾರ ತಂಟೆಗೂ ಹೋಗದ ಮುಖ. ಕಂತು ಮುಗಿಯುವಷ್ಟರಲ್ಲಿ ಅವರಲ್ಲೊಬ್ಬ ಕೆರೆಯಲ್ಲೋ ಲಿಫ್ಟಿನ ಗುಂಡಿಯಲ್ಲೋ ಸಿಗುತ್ತಿದ್ದ. ನನ್ನ ಕೈಯ ಚಪಾತಿ ಬಾಯಿಗೆ ಹೋಗದೆ ನಿಲ್ಲುತ್ತಿತ್ತು. ಶಶಿಕಲಾಳಿಗೆ ಅದರ ಚಿಂತೆಯಿಲ್ಲ. ಕನ್ನಡಕ್ಕೆ ಡಬ್ ಆದ ಸರಣಿ ಅದು. "ಆ ಸಾಕ್ಷಿಯ ಬಾಯಿಗೆ ಶಾಶ್ವತವಾಗಿ ಬೀಗ ಜಡಿದುಬಿಡು" ಎಂದು ಇನ್ಸ್‌ಪೆಕ್ಟರು ಗುಡುಗಿದರೆ, "ಕೆಟ್ಟವರಾದ್ರೂ ಏನ್ ಚೆಂದ ಕನ್ನಡ ಮಾತಾಡ್ತಾರೆ ನೋಡ್ರೀ" ಎಂದು ಪಲ್ಯ ಬಡಿಸುತ್ತಿದ್ದಳು. ದಾವಣಗೆರೆಯವರಿಗೆ ಎದೆ ಗಟ್ಟಿ. ನಾನೂ ಅಲ್ಲಿಯವನೇ, ಆದರೆ ಎಲ್ಲ ನಿಯಮಕ್ಕೂ ಒಂದು ಅಪವಾದ ಇರಬೇಕಲ್ಲ.

ಇನ್ನು ತಾನಾಗಿ ಬಂದ ಹೆದರಿಕೆ. ನಾನು ಪೀಣ್ಯದಲ್ಲಿ ಪಂಪಿನ ಬಿಡಿಭಾಗ ಮಾಡುವ ಕಾರ್ಖಾನೆಯೊಂದರಲ್ಲಿ ಗುಣಮಟ್ಟ ನೋಡುವವನು. ಅವತ್ತು ಬೆಳಿಗ್ಗೆ ಎಂದಿನಂತೆ ಪೂಜೆ ಮುಗಿಸಿ, ವಿಭೂತಿ ಹಚ್ಚಿಕೊಂಡು, ಸ್ಕೂಟರಿನಲ್ಲಿ ಹೊರಟಿದ್ದೆ. ಕಾರ್ಖಾನೆಗಳ ನಡುವಿನ ಏರು ರಸ್ತೆಯ ತಿರುವಿನಲ್ಲಿ ನೀರಿನ ಟ್ಯಾಂಕರೊಂದು ತನ್ನ ಬದಿ ಬಿಟ್ಟು ನನ್ನ ಬದಿಗೆ ನುಗ್ಗಿ ಬಂತು. ಅದರ ಗಾಜಿನ ಮೇಲೆ ಬಣ್ಣದ ಅಕ್ಷರದಲ್ಲಿ ‘ತಾಯಿಯ ಆಶೀರ್ವಾದ’ ಎಂದಿತ್ತು. ಆಶೀರ್ವಾದ ಅಷ್ಟು ವೇಗವಾಗಿ ಬರುವುದನ್ನು ನಾನು ಅದುವರೆಗೆ ಕಂಡಿರಲಿಲ್ಲ. ಎಡಕ್ಕೆ ಹೋಗಬೇಕೆಂದು ತಲೆಗೆ ಹೊಳೆಯಿತು. ಕೈ ಮಾತ್ರ ಎರಡೂ ಬ್ರೇಕುಗಳನ್ನು ಹಿಡಿದು ನಡುರಸ್ತೆಯಲ್ಲಿ ನಿಲ್ಲಿಸಿಬಿಟ್ಟಿತು. ಟ್ಯಾಂಕರು ನನ್ನ ಮೊಣಕೈ ಸವರುವಂತೆ ದಾಟಿ ನಿಲ್ಲದೆ ಹೋಯಿತು. ಆದರೆ ಹಿಂದೆ ಒಂದು ಟೆಂಪೊ ಬರುತ್ತಿತ್ತು. ಹಾಗೆ ಥಟ್ಟನೆ ನಿಂತ ನನ್ನನ್ನು ಅದು ನ್ಯಾಯವಾಗಿ ಅರೆದುಹಾಕಬೇಕಿತ್ತು. ಕಿರ್ರೆಂಬ ಸದ್ದಾಯಿತು, ಧಡ್ ಎಂದಿತು. ತಿರುಗಿ ನೋಡಿದರೆ ಟೆಂಪೊ ಪಕ್ಕದ ವರ್ಕ್‌ಶಾಪಿನ ಕಾಂಪೌಂಡ್ ಗೋಡೆಗೆ ಮುಖ ಕೊಟ್ಟು ನಿಂತಿತ್ತು. ಚಾಲಕ ಮಣಿಕಟ್ಟು ಹಿಡಿದುಕೊಂಡು ಇಳಿದವನೇ ಮೊದಲು ನನ್ನ ಕಡೆ ನೋಡಿ, "ಆರಾಮದೀರಿಲ್ರಿ ಸರ?" ಎಂದ. ಈಗಲೂ ಸ್ನಾನ ಮಾಡುವಾಗ ಕಣ್ಣಿಗೆ ಸೋಪು ಬಿದ್ದು ರೆಪ್ಪೆ ಮುಚ್ಚಿದರೆ ಆ ಬಣ್ಣದ ಅಕ್ಷರಗಳು ನನ್ನತ್ತ ದೊಡ್ಡದಾಗುತ್ತ ಬರುತ್ತವೆ.

ಈ ಊರಿನ ಜನರ ಕರುಣೆಗೆ ಒಂದು ಪದ್ಧತಿ ಇದೆ. ಅಪಘಾತವಾದರೆ ಮೊದಲು ನೀರು ಕುಡಿಸುತ್ತಾರೆ, ಆಮೇಲೆ ಬೆನ್ನು ತಟ್ಟುತ್ತಾರೆ, ಆಮೇಲೆ ಪೊಲೀಸರು ಬರುವುದಕ್ಕೆ ಮುಂಚೆ ಜಾಗ ಖಾಲಿ ಮಾಡಿಸುತ್ತಾರೆ. ನನಗೂ ಮೂರೂ ಆಯಿತು. ಬೀಡಾ ಅಂಗಡಿಯಾತ ನನ್ನ ಸ್ಕೂಟರನ್ನು ತಾನೇ ತಿರುಗಿಸಿ ನಿಲ್ಲಿಸಿ, "ಅವ್ರನ್ನ ನಾವು ಆಸ್ಪತ್ರೆಗೆ ಕಳಿಸ್ತೀವಿ, ನೀವ್ ಹೊರಡಿ ಸಾರ್, ಸ್ಟೇಷನ್ನು ಕೋರ್ಟು ಯಾಕ್ ಬೇಕು ನಿಮ್ಗೆ" ಎಂದ. ಗೋಡೆಗೆ ಗುದ್ದಿದ ಚಾಲಕನೂ ನೋವಿನ ಕೈಯನ್ನೇ ಎತ್ತಿ, ಹೋಗಿ ಎಂದು ಸನ್ನೆ ಮಾಡಿದ. ವಿಧೇಯನಾಗಿ ಹೊರಟೆ. ಅವತ್ತು ಕಾರ್ಖಾನೆಯಲ್ಲಿ ಕಂಡ ಮಾಲೆಲ್ಲ ಬಿರುಕು ಬಿಟ್ಟಂತೆ ತೋರಿ, ಒಳ್ಳೊಳ್ಳೆಯ ತುಂಡುಗಳನ್ನೆಲ್ಲ ತಿರಸ್ಕರಿಸಿ ಸೂಪರ್‌ವೈಸರನ ಶಾಪ ತೆಗೆದುಕೊಂಡೆ.

ಕೆಲವು ದಿನಗಳಾದ ಮೇಲೆ ಫೋನು ಬಂತು. ಟ್ರಾಫಿಕ್ ಠಾಣೆಯ ದಫೇದಾರ್ ಗಂಗಾಧರಯ್ಯ. ಯಾವುದೋ ಅಂಗಡಿಯ ಕ್ಯಾಮೆರಾದಲ್ಲಿ ನನ್ನ ಸ್ಕೂಟರಿನ ನಂಬರು ಸಿಕ್ಕಿತ್ತಂತೆ, ಅಪಘಾತದ ತಿರುವು ಮಾತ್ರ ಅದರಲ್ಲಿ ಕಾಣುತ್ತಿರಲಿಲ್ಲವಂತೆ. ಟೆಂಪೊದವನ ಹೆಸರು ನಿಂಗಪ್ಪ, ಕೊಪ್ಪಳದ ಕಡೆಯವನು, ಪೀಣ್ಯದಲ್ಲೇ ಬಾಡಿಗೆ ಕೋಣೆಯಲ್ಲಿದ್ದಾನೆ. ಅವನು ಕುಡಿದು ಗೋಡೆ ಒಡೆದನೆಂದು ವರ್ಕ್‌ಶಾಪಿನವರು ದೂರು ಕೊಟ್ಟಿದ್ದಾರೆ. ಮುಂದೆ ಸ್ಕೂಟರಿತ್ತು, ವಿಭೂತಿ ಹಚ್ಚಿದ ಸರ್ ಒಬ್ಬರಿದ್ದರು, ಅವರನ್ನು ಉಳಿಸಲು ತಿರುಗಿಸಿದೆ ಎಂದು ನಿಂಗಪ್ಪ ಹೇಳಿದರೆ ನಂಬುವವರಿಲ್ಲ. ಗಾಡಿ ಠಾಣೆಯ ಮುಂದೆ ನಿಂತಿದೆ, ಲೈಸೆನ್ಸೂ ಹೋಗುವ ಹಾಗಿದೆ. ಇಷ್ಟು ಹೇಳಿ ದಫೇದಾರರು, "ಭಯ ಬೀಳ್ಬ್ಯಾಡಿ ಸಾರ್, ಸುಮ್ನೆ ಒಂದು ಹೇಳಿಕೆ" ಎಂದರು. ಸರಣಿಯಲ್ಲಿ ಕನ್ನಡಕದವರಿಗೆ ಫೋನು ಬಂದಾಗಲೂ ಮೊದಲ ಮಾತು ‘ಭಯಪಡಬೇಡಿ’ ಎಂದೇ. ನಾಳೆ ತಿಳಿಸುತ್ತೇನೆಂದು ಇಟ್ಟುಬಿಟ್ಟೆ.

ಸಂಜೆ ಶಶಿಕಲಾಳಿಗೆ ನನ್ನ ಯೋಜನೆ ವಿವರಿಸಿದೆ. ಸರಣಿಯಲ್ಲಿ ಇನ್ನು ಸ್ವಲ್ಪವೇ ಉಳಿದಿದೆ. ಸಾಕ್ಷಿಗಳು ಎಲ್ಲೆಲ್ಲಿ ಎಡವುತ್ತಾರೆ ಎಂಬುದನ್ನು ಪೂರ್ತಿ ತಿಳಿದುಕೊಂಡು ಆಮೇಲೆ ಹೋಗುವುದು ಒಳ್ಳೆಯದು. ಟ್ಯಾಂಕರಿನವರ ಹಿಂದೆ ಯಾರಿದ್ದಾರೋ, ಠಾಣೆಯಲ್ಲಿ ಅವರ ಕಡೆಯವರು ಯಾರೋ. ಅವಳು ಬಟ್ಟೆ ಮಡಚುತ್ತ ಎಲ್ಲವನ್ನೂ ಕೇಳಿಸಿಕೊಂಡಳು.

"ನಿಮ್ಮನ್ನ ಕೊಲ್ಲಾಕೆ ಅವರಿಗೂ ಪುರಸೊತ್ತು ಬೇಕಲ್ರೀ," ಎಂದಳು. ಆಮೇಲೆ ಕೈಯ ಬಟ್ಟೆ ಕೆಳಗಿಟ್ಟು, "ಆ ಮನುಷ್ಯ ಗಾಡಿ ತಿರುಗಿಸುವಾಗ ಮುಂದಿನ ಕಂತು ನೋಡಿ ತಿರುಗಿಸಿದ್ನೇನ್ರೀ?" ಎಂದು ಕೇಳಿದಳು.

ಮದುವೆಯಾದವರಿಗೆ ಗೊತ್ತು, ಇಂಥ ಪ್ರಶ್ನೆಗಳು ಉತ್ತರಕ್ಕಾಗಿ ಕೇಳಿದವಲ್ಲ. ದಫೇದಾರರಿಗೆ ನಾನೇ ಫೋನು ಮಾಡಿದೆ. ಆದರೂ ಸರಣಿಯಿಂದ ಕಲಿತ ಒಂದು ಪಾಠವನ್ನು ಬಿಡಲಾಗಲಿಲ್ಲ: ಪೊಲೀಸರನ್ನು ಒಂಟಿಯಾಗಿ ಕಾಣಬಾರದು, ಜನ ತುಂಬಿದ ಜಾಗಕ್ಕೆ ಕರೆಯಬೇಕು. ಜಾಲಹಳ್ಳಿ ಕ್ರಾಸಿನ ಹತ್ತಿರದ ದರ್ಶಿನಿ ಹೋಟೆಲಿಗೆ ಬರಬಹುದೇ ಎಂದು ಕೇಳಿದೆ. ಅವರು ಸ್ವಲ್ಪ ಯೋಚಿಸಿ, ಅಲ್ಲಿ ವಡೆ ಚೆನ್ನಾಗಿರುತ್ತದೆ, ಬರುತ್ತೇನೆ ಎಂದರು.

ನಾನು ಬೇಕೆಂದೇ ಬೆಳಗಿನ ಜನಜಂಗುಳಿಯ ಹೊತ್ತು ಆರಿಸಿದ್ದೆ. ಗಂಗಾಧರಯ್ಯ ಬಂದರು. ನಿಂತು ನಿಂತು ಊದಿದ ಕಾಲು, ಧೂಳು ಕುಡಿದು ಒಡೆದ, ಹಕಾರ ನುಂಗುವ ದನಿ, ಕಂಕುಳಲ್ಲಿ ಕಾಗದದ ಫೈಲು. ಕೈಯಲ್ಲಿ ಆಗಲೇ ತಾವೇ ಕೊಂಡ ಟೋಕನ್ ಹಿಡಿದಿದ್ದರು. ಸರಣಿಯಲ್ಲಿ ಯಾವ ಪೊಲೀಸನೂ ತಿಂದದ್ದಕ್ಕೆ ಕಾಸು ಕೊಟ್ಟದ್ದಿಲ್ಲ; ನನಗೆ ಯಾರೋ ಮೋಸ ಮಾಡಿದಂತೆ ಅನ್ನಿಸಿತು. ಖಾಲಿ ಹಾಳೆಗೆ ಸಹಿ ಹಾಕುವುದಿಲ್ಲ ಎಂಬ ಮಾತನ್ನು ಕನ್ನಡಿಯ ಮುಂದೆ ಅಭ್ಯಾಸ ಮಾಡಿಕೊಂಡು ಹೋಗಿದ್ದೆ. ಅದನ್ನು ಗಂಭೀರವಾಗಿ ಹೇಳಿದೆ. "ಇದ್ಕೆ ಸಹೀನೇ ಇಲ್ಲ ಸಾರ್. ನೀವ್ ಏಳಿ, ನಾನ್ ಬರ್ಕೋತೀನಿ," ಎಂದು ಅವರು ಸಾಂಬಾರಿನ ತೊಟ್ಟು ಒರೆಸಿ ಹಾಳೆ ಬಿಡಿಸಿದರು.

ಬಾಯಲ್ಲಿ ಹೇಳಿದ್ದು ಅವರಿಗೆ ಸರಿಯಾಗಿ ತಿಳಿಯಲಿಲ್ಲ. ನಾನು ನಿಂತು ತಿನ್ನುವ ಆ ಮೇಜಿನ ಮೇಲೆಯೇ ತೋರಿಸತೊಡಗಿದೆ. ಇಡ್ಲಿ ನಾನು. ವಡೆ ಟ್ಯಾಂಕರು. ಚಟ್ನಿ ಬಟ್ಟಲು ನಿಂಗಪ್ಪನ ಟೆಂಪೊ. ಕಾಫಿ ಲೋಟ ಗೋಡೆ. ಸುತ್ತಲಿನವರು ತಮ್ಮ ತಮ್ಮ ತಟ್ಟೆ ಹಿಡಿದುಕೊಂಡೇ ಹತ್ತಿರ ಸರಿದರು. ಕಾರ್ಖಾನೆಯ ಸಮವಸ್ತ್ರದ ಒಬ್ಬಾತ, "ಟ್ಯಾಂಕರ್ ಇಷ್ಟೇನಾ ಗುರು? ಇನ್ನೊಂದ್ ವಡೆ ಸೇರ್ಸಿ" ಎಂದ. ಮೇಜು ಒರೆಸುವ ಹೆಂಗಸು ಬಂದು ಅಭ್ಯಾಸಬಲದಿಂದ ತಟ್ಟೆಗೆ ಕೈ ಹಾಕಿದಳು. ದಫೇದಾರರು ತಮ್ಮ ಅಂಗೈ ಅಡ್ಡ ಹಿಡಿದು, "ಇರಮ್ಮ, ಇನ್ನೂ ಆಕ್ಸಿಡೆಂಟೇ ಆಗಿಲ್ಲ" ಎಂದರು.

ಎಲ್ಲರೂ ನಕ್ಕರು, ನಾನೂ ನಕ್ಕೆ. ನಕ್ಕು, ವಡೆಯನ್ನು ಇಡ್ಲಿಯ ಕಡೆಗೆ ತಳ್ಳಿದೆ. ಅರ್ಧ ದಾರಿಯಲ್ಲಿ ನನ್ನ ಬೆರಳು ನಿಂತಿತು. ಒಂದು ತಟ್ಟೆ ತಿಂಡಿಯ ಮುಂದೆ, ಅಷ್ಟು ಜನರ ನಡುವೆ, ನಾನು ಸಾಯುವುದರಲ್ಲಿದ್ದೆ ಎಂಬುದು ಆಗ ನನಗೆ ಮೊದಲ ಸಲ ತಿಳಿದಂತಾಯಿತು. ನಗು ನಿಂತಿತು. ಗಂಗಾಧರಯ್ಯ ಪೆನ್ನು ಕೆಳಗಿಟ್ಟರು. ತಮ್ಮ ಎರಡು ಬೆರಳಿಂದ ವಡೆಯನ್ನು ಮೆಲ್ಲಗೆ ಇಡ್ಲಿಯ ಪಕ್ಕದಿಂದ ಸರಿಸಿ ತಟ್ಟೆಯ ಆಚೆ ಬದಿಗೆ ಮುಟ್ಟಿಸಿದರು.

"ಓಯ್ತು ಸಾರ್. ಟ್ಯಾಂಕರ್ ದಾಟೋಯ್ತು," ಎಂದರು. "ಈಗ ಇಂದಿನ ಗಾಡಿ ಏನ್ ಮಾಡ್ತು, ಅದ್ನ ಏಳಿ."

ಹೇಳಿದೆ. ಅವನು ಕುಡಿದಿರಲಿಲ್ಲ, ಮೊದಲು ಕೇಳಿದ್ದೇ ನನ್ನ ಕ್ಷೇಮ, ಅವನು ತಿರುಗಿಸದಿದ್ದರೆ ಇವತ್ತು ಇಡ್ಲಿಯೂ ಇಲ್ಲ ನಾನೂ ಇಲ್ಲ ಎಂದೆ. ಅವರು ಇಡ್ಲಿಯನ್ನು ಬಿಟ್ಟು ಉಳಿದದ್ದನ್ನೆಲ್ಲ ಬರೆದುಕೊಂಡರು. ಬರೆದಾದ ಮೇಲೆ ಟ್ಯಾಂಕರನ್ನು ತಿಂದರು.

ನಿಂಗಪ್ಪನ ಮೇಲಿನ ದೂರು ಬಿದ್ದುಹೋಯಿತು, ಗಾಡಿ ಕೈಗೆ ಬಂತು. ಟ್ಯಾಂಕರಿನ ಹುಡುಕಾಟ ಇನ್ನೂ ನಡೆದಿದೆ. ತಾಯಂದಿರ ಆಶೀರ್ವಾದ ಪಡೆದ ಟ್ಯಾಂಕರುಗಳು ಈ ಕಡೆ ಬೇಕಾದಷ್ಟಿವೆ. ಸಿಕ್ಕರೆ ನಾನು ಕೋರ್ಟಿಗೂ ಹೋಗಬೇಕಾದೀತು. ಸರಣಿಯ ಕೊನೆಯ ಕಂತನ್ನು ಶಶಿಕಲಾ ಒಬ್ಬಳೇ ನೋಡಿ ಮುಗಿಸಿದಳು. ಏನಾಯಿತೆಂದು ನಾನು ಕೇಳಲಿಲ್ಲ.

ಸ್ಕೂಟರು ಹತ್ತಲು ಮಾತ್ರ ಇನ್ನೂ ಧೈರ್ಯ ಬಂದಿಲ್ಲ. ಅದು ಹೇಗೋ ನಿಂಗಪ್ಪನಿಗೆ ಗೊತ್ತಾಗಿ, ಒಂದು ಬೆಳಿಗ್ಗೆ ಮಣಿಕಟ್ಟಿಗೆ ಪಟ್ಟಿ ಕಟ್ಟಿಕೊಂಡೇ ಟೆಂಪೊ ತಂದು ನಮ್ಮ ಗೇಟಿನ ಮುಂದೆ ನಿಲ್ಲಿಸಿದ. ಆ ಕಡೆಗೇ ಹೋಗುವವನು, ಕೂತುಕೊಳ್ಳಿ ಎಂದ. ಅಂದಿನಿಂದ ದಿನವೂ ಅವನ ಪಕ್ಕದಲ್ಲೇ ನನ್ನ ಪ್ರಯಾಣ. ಪ್ರಾಣ ಉಳಿಸಿದವನು ಮೇಲಿಂದ ಉಪಕಾರವನ್ನೂ ತೀರಿಸುತ್ತಿದ್ದಾನಲ್ಲ, ಎಂಥ ದೊಡ್ಡ ಮನಸ್ಸು, ನಾನು ಕೊಟ್ಟ ಸಾಕ್ಷಿಗೆ ಎಷ್ಟು ಬೆಲೆ ಎಂದು ಕಾರ್ಖಾನೆಯಲ್ಲಿ ಎಲ್ಲರ ಮುಂದೆ ಹೇಳಿಕೊಂಡು ತಿರುಗಿದೆ. ಟ್ಯಾಂಕರು ಎದುರಾದಾಗ ಮಾತ್ರ ಕಣ್ಣು ಮುಚ್ಚಿಕೊಂಡು ಕೂರುತ್ತಿದ್ದೆ. ಮೊನ್ನೆ ಅದೇ ತಿರುವಿನಲ್ಲಿ ಒಂದು ಎದುರಾಯಿತು. ಯಾಕೋ ಆ ದಿನ ಕಣ್ಣು ಮುಚ್ಚುವ ಮೊದಲು ಪಕ್ಕಕ್ಕೆ ನೋಡಿದೆ. ಸ್ಟೀರಿಂಗಿನ ಮೇಲೆ ನಿಂಗಪ್ಪನ ಎರಡು ಕೈಗಳೂ ನಡುಗುತ್ತಿದ್ದವು. ಟ್ಯಾಂಕರು ದಾಟಿತು. ಅವನು ನನ್ನ ಮುಖ ನೋಡಿ ನಾಚಿಕೊಂಡ.

"ಖರೇ ಹೇಳ್ತೀನ್ರಿ ಸರ, ನನಗೂ ಅಂಜಿಕಿ ಐತಿ. ಅದಕ್ಕ ದಿನಾ ನಿಮ್ಮನ್ನ ಕೂಡಿಸ್ಕೊಂಡು ಹೊಂಟೀನಿ. ನಾಳೆ ಮತ್ತೇನರ ಆತಂದ್ರ ಸಾಕ್ಷಿ ಹುಡುಕ್ಕೋತ ತಿರಗೂದು ಬ್ಯಾಡಲ್ರಿ."

ಆ ದಿನದಿಂದ ನಾನು ಕಣ್ಣು ಮುಚ್ಚುವುದನ್ನು ಬಿಟ್ಟಿದ್ದೇನೆ. ಕಣ್ಣು ಮುಚ್ಚಿಕೊಂಡ ಸಾಕ್ಷಿಯನ್ನು ದಿನವೂ ಹೊತ್ತು ತಿರುಗಿ ಪಾಪ ಅವನಿಗಾದರೂ ಏನು ಪ್ರಯೋಜನ?